ಎಪ್ಪತ್ತೊಂದನೆಯ ಸುತ್ತು

ಗಂಡ ಬರೆದದ್ದನ್ನು ತಿದ್ದಿಕೊಡುವುದು ಆಕೆಗೆ ಹೊಸದೇನಲ್ಲ. ಆತ ವಾಟರ್ ಬೋರ್ಡಿನಲ್ಲಿ ಎಂಜಿನಿಯರ್ ಆಗಿದ್ದ ಕಾಲದಿಂದಲೂ ಪೈಪು ಒಡೆದ ವರದಿಯಿಂದ ಹಿಡಿದು ರಜೆಯ ಅರ್ಜಿಯವರೆಗೆ ಎಲ್ಲವೂ ಒಮ್ಮೆ ಆಕೆಯ ಕೆಂಪು ಪೆನ್ನಿನ ಕೆಳಗೆ ಹಾದು ಹೋಗಲೇಬೇಕು. ಆಕೆ ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಗಣಿತ ಕಲಿಸಿದವಳು. ನಿವೃತ್ತಿಯಾಗಿ ಐದು ವರ್ಷವಾದರೂ ಹಾಲಿನವನಿಂದ ಡಾಕ್ಟರರವರೆಗೆ ಎಲ್ಲರ ಬಾಯಲ್ಲೂ ಆಕೆ ‘ಟೀಚರ್’. ಆದರೆ ಆ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಆತ ತಂದಿಟ್ಟ ನಾಲ್ಕು ಹಾಳೆಗಳನ್ನು ಓದುತ್ತ ಹೋದಂತೆ ಟೀಚರ್ ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟಳು. ಸಿಟ್ಟು ಬಂದಿತ್ತು.

ಬರಹದ ತಲೆಬರಹ, ‘ನನ್ನ ಹೆಂಡತಿಯ ಲೆಕ್ಕ ತಪ್ಪಿದ ದಿನ.’

"ಹೆಂಗಿದೆ? ತಮಾಷೆಯಾಗಿದೆ ಅಲ್ವಾ?" ಗಂಡ ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಕೇಳಿದ. "ನಮ್ಮ ರೇಸ್ ಕ್ಲಬ್ಬಿನ ನೆನಪಿನ ಪುಸ್ತಕಕ್ಕೆ ಎಲ್ಲರೂ ಒಣ ಒಣ ಬರೆದಿದ್ದಾರಂತೆ. ಗೇರ್ ರೇಶಿಯೋ, ಕಾರ್ಬ್ಯುರೇಟರ್ ಅಂತ. ಜನ ಸ್ವಲ್ಪ ನಗಬೇಕಲ್ಲಪ್ಪ."

"ಇದನ್ನ ಅಚ್ಚು ಹಾಕಿಸ್ತೀರಾ?"

"ಮತ್ತೆ? ಒತ್ತು, ದೀರ್ಘ ಏನಾದ್ರೂ ತಪ್ಪಿದ್ರೆ ನೋಡಿಕೊಡು. ಭಾನುವಾರ ಫಂಕ್ಷನ್ನಿನಲ್ಲಿ ಓದಿ ಹೇಳ್ತೀನಿ, ಸೋಮವಾರ ಪ್ರೆಸ್ಸಿಗೆ."

ತನ್ನ ಮುಖಕ್ಕೆ ಮಸಿ ಬಳಿಯುವ ಬರಹಕ್ಕೆ ತಾನೇ ಒತ್ತು ದೀರ್ಘ ಸರಿ ಮಾಡಿಕೊಡಬೇಕು. ಇಂಥ ಭಾಗ್ಯ ಎಷ್ಟು ಹೆಂಗಸರಿಗೆ ಸಿಗುತ್ತದೆ ಹೇಳಿ! ಬಾಯಿ ಬಿಡದೆ ಇರುವುದು ಆಕೆಗೆ ಮೂವತ್ತೆಂಟು ವರ್ಷಗಳ ಅಭ್ಯಾಸ. ಆದರೆ ಹಾಳೆಯ ಕೊನೆಯ ಸಾಲಿಗೆ ಬಂದಾಗ ಸುಮ್ಮನಿರಲಾಗಲಿಲ್ಲ. ಅಲ್ಲಿ ಬರೆದಿತ್ತು: ‘ಇಲ್ಲದ ಒಂದು ಸುತ್ತನ್ನು ಕದಿಯಲು ನೋಡಿದ ನಮ್ಮ ಎಕ್ಸ್‌ಟ್ರಾ ಇಂದಿಗೂ ಅದೇ ಬ್ಯಾಟರಿ ಅಂಗಡಿಯಲ್ಲಿ ಕೂತಿದ್ದಾನೆ, ಪಾಪ.’

ಆಕೆ ಮೇಲಕ್ಕೆ ನೋಡಿದಳು. "ಇದೊಂದು ಸಾಲು ತೆಗೀರಿ."

"ಯಾಕೆ? ಅದೇ ಪಂಚ್ ಇರೋದು."

"ಅವರು ಕದ್ದಿಲ್ಲ ಅಂತ ನಿಮಗೆ ಗೊತ್ತು."

ಗಂಡ ಬ್ರೆಡ್ಡು ಕಚ್ಚಿ, ಅಗಿದು, ನುಂಗಿ, ಆಮೇಲೆ ನಕ್ಕ. "ಅಯ್ಯೋ, ಯಾವ ಕಾಲದ್ದೇ ಅದು. ಅವನೇ ಬೇಜಾರು ಮಾಡ್ಕೊಳ್ಳಲ್ಲ, ನಿನಗೇನು? ಭಾನುವಾರ ಅವನನ್ನೂ ಕರೆದಿದ್ದೀವಿ."

ಆತ ಬಿಟ್ಟು ಎದ್ದುಹೋದ ತಟ್ಟೆಯನ್ನು ತೊಳೆಯದೆ ಅಲ್ಲೇ ಬಿಟ್ಟು ಆಕೆ ಕೂತೇ ಇದ್ದಳು. ಬಾಯಲ್ಲಿ ಆಡಿದ್ದು ಗಾಳಿಗೆ ಹೋಗುತ್ತದೆ. ಅಚ್ಚಾದದ್ದು ಎಲ್ಲಿಗೆ ಹೋಗುತ್ತದೆ? ಬ್ಯಾಟರಿ ಅಂಗಡಿಯವನ ಮೊಮ್ಮಕ್ಕಳ ಕೈಗೆ ಹೋಗುತ್ತದೆ. ಅವತ್ತು ಮಂಗಳವಾರ. ಆ ಸುಳ್ಳು ಅಚ್ಚಿಗೆ ಇಳಿಯದ ಹಾಗೆ ತಡೆಯಲು ಆಕೆಗೆ ಇದ್ದದ್ದು ಐದು ದಿನ.

ಮೂವತ್ತೆಂಟು ವರ್ಷದ ಹಿಂದಿನ ರೇಸು ಅಂದರೆ ಈಗ ಟೀವಿಯಲ್ಲಿ ಕಾಣುವಂಥದ್ದಲ್ಲ. ಸೋಮವಾರ ಆಫೀಸಿಗೆ ಹೋಗುವ ಕಾರೇ ಭಾನುವಾರ ರೇಸಿಗೂ ಹೋಗಬೇಕು. ಟೀಚರ್ ಗಂಡನೂ ಮೈದುನನೂ ಗುಜರಿಯಿಂದ ಎತ್ತಿ ತಂದ ಎರಡು ಸೀಟಿನ ಹಳೇ ಸ್ಪೋರ್ಟ್ಸ್ ಕಾರೊಂದನ್ನು ಎರಡು ವರ್ಷ ತಟ್ಟಿ, ಕುಟ್ಟಿ, ಉಜ್ಜಿ ಓಡುವಂತೆ ಮಾಡಿದ್ದರು. ಹೊಸದಾಗಿ ಮದುವೆಯಾಗಿ ಬಂದ ಆಕೆಗೆ ಮಲಗುವ ಕೋಣೆಯಲ್ಲಿ ಮೊದಲು ಸಿಕ್ಕಿದ್ದು ಮಂಚದ ಕೆಳಗೆ ಕಂಬಳಿ ಸುತ್ತಿ ಇಟ್ಟಿದ್ದ ಕಾರಿನ ಗಾಜು. ಬ್ಯಾಟರಿ ಅಂಗಡಿಯವನದು ಇನ್ನೂ ಒಂದು ಕೈ ಮೇಲೆ: ಅಂಗಡಿಯ ಹಿತ್ತಲಲ್ಲಿ ತಗಡು ಬಗ್ಗಿಸಿ ಸ್ವಂತ ಕಾರೇ ಕಟ್ಟಿದ್ದ. ನೋಡಲು ಹಿಟ್ಟಿನ ಡಬ್ಬಿಯ ಹಾಗಿತ್ತು. ಓಡಿದರೆ ಮಾತ್ರ ಹಿಡಿಯುವವರಿರಲಿಲ್ಲ.

ಯಾರೂ ಬಳಸದ ಹಳೆಯ ಏರ್‌ಸ್ಟ್ರಿಪ್ಪಿನ ಮೇಲೆ ಎಣ್ಣೆ ಡ್ರಮ್ಮುಗಳನ್ನಿಟ್ಟು ತಿರುವು ಮಾಡುತ್ತಿದ್ದರು. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರವರೆಗೆ ಆರು ಗಂಟೆಯ ಓಟ. ಯಾರು ಹೆಚ್ಚು ಸುತ್ತು ಹಾಕಿದರೋ ಅವರು ಗೆದ್ದರು. ಸುತ್ತು ಎಣಿಸುವುದಕ್ಕೆ ಯಂತ್ರ ಗಿಂತ್ರ ಇರಲಿಲ್ಲ, ಮನುಷ್ಯರೇ ಕೂತು ಎಣಿಸಬೇಕು. ಅದಕ್ಕೆ ಕ್ಲಬ್ಬು ಒಂದು ನಿಯಮ ಮಾಡಿತ್ತು. ಪ್ರತಿ ತಂಡವೂ ಎಣಿಸಲು ಒಬ್ಬರನ್ನು ಕೊಡಬೇಕು, ಆದರೆ ತಮ್ಮ ಕಾರನ್ನು ತಾವೇ ಎಣಿಸುವ ಹಾಗಿಲ್ಲ. ಚೀಟಿ ಎತ್ತಿ ಬಂದ ಬೇರೆಯವರ ಕಾರನ್ನು ಎಣಿಸಬೇಕು. ಗಂಡಸರೆಲ್ಲ ಸ್ಟಿಯರಿಂಗು, ಸ್ಪ್ಯಾನರು ಹಿಡಿದಿದ್ದರಿಂದ ತಗಡಿನ ಶೆಡ್ಡಿನಲ್ಲಿ ಸಾಲಾಗಿ ಕೂತವರು ಹೆಂಡತಿಯರು, ತಂಗಿಯರು, ನಾದಿನಿಯರು. ಒಬ್ಬೊಬ್ಬರ ಮುಂದೆಯೂ ಒಂದು ಹಾಳೆ, ಒಂದು ಗಡಿಯಾರ.

ಆ ವರ್ಷ ಟೀಚರ್ ಎತ್ತಿದ ಚೀಟಿಯಲ್ಲಿ ಬ್ಯಾಟರಿ ಅಂಗಡಿಯವನ ಕಾರು ಬಂತು. ಪಕ್ಕದ ಕುರ್ಚಿಯಲ್ಲಿ ಕೂತ ಬ್ಯಾಟರಿ ಅಂಗಡಿಯವನ ಹೆಂಡತಿಗೆ ಟೀಚರ್ ಗಂಡನ ಕಾರು ಬಂತು. ಆಕೆ ಆಸ್ಪತ್ರೆಯಲ್ಲಿ ನರ್ಸು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ನರ್ಸು ಫ್ಲಾಸ್ಕಿನಿಂದ ಕಾಫಿ ಸುರಿದು ಕೊಟ್ಟಳು. ಕಣ್ಣು ಟ್ರ್ಯಾಕಿನ ಮೇಲಿಟ್ಟುಕೊಂಡೇ ಮಾತಾಡುವುದನ್ನು ಇಬ್ಬರೂ ಹತ್ತು ನಿಮಿಷದಲ್ಲಿ ಕಲಿತರು. ಮೂರು ನಿಮಿಷದ ಮೇಲೆ ಹತ್ತು ಸೆಕೆಂಡಿಗೊಂದು ಸುತ್ತು. ಅಷ್ಟರೊಳಗೆ ಅತ್ತೆಯ ವಿಷಯ ಶುರು ಮಾಡಿ, ಕಾರು ಬಂದಾಗ ನಿಲ್ಲಿಸಿ, ಸಮಯ ಬರೆದು, ಮತ್ತೆ ಅತ್ತೆಗೆ ವಾಪಸ್ಸು ಬರಬೇಕು. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಹತ್ತು ವರ್ಷದ ಗೆಳತಿಯರ ಹಾಗಾಗಿದ್ದರು.

ಎಪ್ಪತ್ತು ಸುತ್ತು ಮುಗಿಸಿ, ಎಪ್ಪತ್ತೊಂದನೆಯದರ ಕೊನೆಗೆ ಬ್ಯಾಟರಿ ಅಂಗಡಿಯವನು ಪೆಟ್ರೋಲಿಗೆಂದು ಪಿಟ್ಟಿಗೆ ಬಂದ. ಪಿಟ್ ಎಂದರೆ ಟ್ರ್ಯಾಕಿನ ಪಕ್ಕದಲ್ಲಿ ಕಾರು ನಿಲ್ಲಿಸುವ ಸಾಲು. ಸುತ್ತು ಮುಗಿಯುವ ಬಿಳಿ ಗೆರೆ ಅದರ ಮೇಲೂ ಹಾದುಹೋಗಿತ್ತು. ಅವನು ನಿಂತ ಜಾಗ ಗೆರೆಗಿಂತ ಹದಿನೈದು ಹೆಜ್ಜೆ ಹಿಂದೆ. ಪೆಟ್ರೋಲು ತುಂಬಿಸಿ ಸ್ಟಾರ್ಟ್ ಮಾಡಿದರೆ ಕಾರು ಕಮಕ್ ಕಿಮಕ್ ಅನ್ನಲಿಲ್ಲ. ಬ್ಯಾಟರಿ ಅಂಗಡಿಯವನ ಕಾರಿಗೇ ಬ್ಯಾಟರಿ ಸತ್ತಿತ್ತು! ಶೆಡ್ಡಿನಲ್ಲಿ ಕೂತವರೆಲ್ಲ ಗೊಳ್ಳೆಂದರು. ಅವನ ಅಂಗಡಿಯ ಇಬ್ಬರು ಕೆಲಸದವರು ಹಿಂದಿನಿಂದ ತಳ್ಳತೊಡಗಿದರು.

ನಿಯಮ ಬೆಳಿಗ್ಗೆಯೇ ಓದಿ ಹೇಳಿದ್ದರು. ಗೆರೆಯನ್ನು ಕಾರು ತನ್ನ ಎಂಜಿನ್ನಿನ ಬಲದಿಂದಲೇ ದಾಟಬೇಕು. ತಳ್ಳಿ ದಾಟಿಸಿದರೆ ಆ ಸುತ್ತು ಲೆಕ್ಕಕ್ಕಿಲ್ಲ. ಟೀಚರ್ ಕುರ್ಚಿಯಿಂದ ಎದ್ದು ನಿಂತು ನೋಡಿದಳು. ಗೆರೆಗೆ ಇನ್ನೂ ಆರು ಹೆಜ್ಜೆ ಇರುವಾಗ ಎಂಜಿನ್ನು ಕೆಮ್ಮಿತು, ನೀಲಿ ಹೊಗೆ ಬಂತು, ಕಾರು ಜಿಗಿಯಿತು. ತಳ್ಳುತ್ತಿದ್ದವರ ಕೈ ಗಾಳಿಯಲ್ಲಿ ಉಳಿಯಿತು. ಒಬ್ಬ ಮುಗ್ಗರಿಸಿ ಮೊಣಕಾಲೂರಿ ಬಿದ್ದ. ಕಾರು ಒಂಟಿಯಾಗಿ ಗೆರೆ ದಾಟಿತು. ಆಕೆ ಗಡಿಯಾರ ನೋಡಿ ‘೭೧’ ಎಂದು ಬರೆದು ಸಮಯ ಹಾಕಿದಳು. ಆ ಹೊತ್ತಿನಲ್ಲಿ ಅದನ್ನು ನೋಡಲೇಬೇಕಾಗಿದ್ದವಳು ಆಕೆಯೊಬ್ಬಳೇ. ಉಳಿದವರೆಲ್ಲ ನಕ್ಕು ಮುಗಿಸಿ ತಂತಮ್ಮ ಪಾಲಿಗೆ ಬಂದ ಕಾರಿನ ಹಿಂದೆ ಬಿದ್ದಿದ್ದರು.

ಮೂರು ಗಂಟೆಗೆ ಬಾವುಟ ಬೀಸಿದಾಗ ಬ್ಯಾಟರಿ ಅಂಗಡಿಯವನದು ನೂರ ಹದಿಮೂರು ಸುತ್ತು, ಟೀಚರ್ ಗಂಡನದು ನೂರ ಹನ್ನೆರಡು. ಒಂದು ಸುತ್ತು ಕಳೆದರೆ ಇಬ್ಬರದೂ ಸಮ. ಹಾಗೆ ಸಮವಾದರೆ ಬಾವುಟದ ಕೆಳಗೆ ಮೊದಲು ಬಂದದ್ದು ಗಂಡನ ಕಾರು, ಗೆದ್ದವರ ಕಪ್ಪು ಅವರಿಗೇ. ಮೈದುನ ಓಡಿ ಹೋಗಿ ಆಕ್ಷೇಪಣೆ ಹಾಕಿದ: ಎಪ್ಪತ್ತೊಂದನೆಯದು ತಳ್ಳಿ ದಾಟಿಸಿದ ಸುತ್ತು. ಮುಖ್ಯ ಟೈಮ್‌ಕೀಪರ್ ಒಬ್ಬ ನಿಧಾನಸ್ಥ ಮುದುಕ. "ಎಣಿಸಿದವರ ಮಾತೇ ಕೊನೆ. ಟೀಚರನ್ನ ಕೇಳ್ತೀನಿ, ಹತ್ತು ನಿಮಿಷ ಕೊಡಿ," ಅಂದ.

ಆ ಹತ್ತು ನಿಮಿಷದಲ್ಲಿ ಗಂಡ ಆಕೆಯನ್ನು ಶೆಡ್ಡಿನ ಹಿಂದೆ, ಟೈರುಗಳ ರಾಶಿಯ ಪಕ್ಕಕ್ಕೆ ಕರೆದುಕೊಂಡು ಹೋದ.

"ಅನುಮಾನ ಇದೆ ಅಂತ ಒಂದು ಮಾತು ಹೇಳು, ಸಾಕು."

"ಅನುಮಾನ ಇಲ್ವಲ್ಲ. ನಾನು ಎದ್ದು ನಿಂತು ನೋಡಿದೆ."

"ಅತ್ತಿಗೆ, ಬರೀ ಒಂದು ಸುತ್ತು," ಎಂದ ಮೈದುನ, ಅಂಗಡಿಯಲ್ಲಿ ಚೌಕಾಸಿ ಮಾಡುವವನ ಹಾಗೆ.

ಗಂಡ ಹತ್ತಿರ ಬಂದ. ಮುಖದ ತುಂಬ ಎಣ್ಣೆ, ಧೂಳು. ಕನ್ನಡಕ ಇದ್ದ ಜಾಗ ಮಾತ್ರ ಬೆಳ್ಳಗೆ. "ನೀನು ಯಾರ ಕಡೆ?"

ಆ ಪ್ರಶ್ನೆಗೆ ಒಂದೇ ಉತ್ತರ ಇದೆ ಎಂದು ಇಪ್ಪತ್ತೈದರ ಆ ಹುಡುಗಿಗೆ ಅನ್ನಿಸಿತು. ಮನೆಗೆ ಬಂದು ಒಂದೂವರೆ ವರ್ಷ. ಇಂದು ಅರವತ್ಮೂರರಲ್ಲಿ ನೂರು ಉತ್ತರ ಹೊಳೆಯುತ್ತವೆ. ಹೊಳೆದು ಏನು ಬಂತು, ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಆಕೆ ಒಳಗೆ ಹೋಗಿ, "ತಳ್ತಾ ಇದ್ದರು ಅನ್ಸುತ್ತೆ, ತಪ್ಪಾಗಿ ಬರೆದುಬಿಟ್ಟೆ," ಎಂದಳು. ಟೈಮ್‌ಕೀಪರ್ ಪೆನ್ನು ಕೊಟ್ಟ. ಆಕೆ ಎಪ್ಪತ್ತೊಂದರ ಮೇಲೆ ಗೆರೆ ಎಳೆದು ಸಹಿ ಹಾಕಿದಳು. ಪಕ್ಕದಲ್ಲಿ ನಿಂತಿದ್ದ ನರ್ಸು ಮೆಲ್ಲಗೆ ಕೇಳಿದಳು, "ಟೀಚರ್, ನಿಜವಾಗ್ಲೂ ತಳ್ತಿದ್ರಾ?"

"ಹೂಂ."

ಎರಡಕ್ಷರವೂ ಇಲ್ಲದ ಸುಳ್ಳು. ನರ್ಸು ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಎದ್ದು ಹೋದಳು.

ಬ್ಯಾಟರಿ ಅಂಗಡಿಯವನು ಕೂಗಾಡಿದ. ತಳ್ಳಿದ ಇಬ್ಬರು ಕೆಲಸದವರೂ ಬಂದು ಹೇಳಿದರು. ಅವನ ಉಪ್ಪು ತಿಂದವರು ಇನ್ನೇನು ಹೇಳುತ್ತಾರೆ ಎಂದು ಯಾರೂ ಕಿವಿಗೊಡಲಿಲ್ಲ. ಅವತ್ತು ಸಂಜೆಯೇ ಯಾರೋ ಅವನಿಗೆ ಎಕ್ಸ್‌ಟ್ರಾ ಎಂದು ಹೆಸರಿಟ್ಟರು; ಒಂದು ಸುತ್ತು ಎಕ್ಸ್‌ಟ್ರಾ ಕೇಳಿದವನು. ಹೆಸರು ಅಂಟಿಕೊಂಡಿತು. ಯಾಕೆ ಆ ಹೆಸರು ಅಂತ ಗೊತ್ತಿಲ್ಲದವರೂ ‘ಎಕ್ಸ್‌ಟ್ರಾ ಅಂಗಡಿ ಎಲ್ಲಿ?’ ಎಂದು ದಾರಿ ಕೇಳುವಂತಾಯಿತು. ಅವನು ಮತ್ತೆ ರೇಸಿಗೆ ಬರಲೇ ಇಲ್ಲ.

ಇತ್ತ ಗಂಡನಿಗೆ ಒಂದು ಕಥೆ ಸಿಕ್ಕಿತು. ಮೂವತ್ತೆಂಟು ವರ್ಷ, ಯಾರ ಮನೆಗೆ ಹೋಗಲಿ, ಯಾರು ಮನೆಗೆ ಬರಲಿ, ಅದೇ ಕಥೆ. ಲೆಕ್ಕದ ಟೀಚರಿಗೆ ಎಪ್ಪತ್ತಾದ ಮೇಲೆ ಎಷ್ಟು ಅಂತ ಗೊತ್ತಾಗಲಿಲ್ಲ ನೋಡಿ! ಆಕೆಯ ಶಾಲೆಯ ಸಹೋದ್ಯೋಗಿಗಳ ಎದುರು ಹೇಳಿದ. ಆಕೆಯ ಅಪ್ಪನ ಎದುರು ಹೇಳಿದ. ಮೊದಮೊದಲು ತಾನು ಮಾಡಿಸಿದ್ದು ಅವನಿಗೆ ನೆನಪಿತ್ತು, ಹೇಳುವಾಗ ಆಕೆಯ ಕಣ್ಣು ತಪ್ಪಿಸುತ್ತಿದ್ದ. ಹತ್ತು ವರ್ಷದ ಮೇಲೆ ಕಣ್ಣಲ್ಲಿ ಕಣ್ಣಿಟ್ಟೇ ಹೇಳತೊಡಗಿದ. ಸುಳ್ಳನ್ನು ಹೇಳಿ ಹೇಳಿ ಅವನೇ ನಂಬಿಬಿಟ್ಟಿದ್ದ. ಆಕೆಗೆ ಮೈಯೆಲ್ಲ ಉರಿಯುತ್ತಿದ್ದದ್ದು ಅದಕ್ಕೇ. ಕಳ್ಳತನ ಮಾಡಿಸಿದವನು ಹಾಯಾಗಿ ಮರೆತಿದ್ದಾನೆ, ಮಾಡಿದವಳು ಮಾತ್ರ ನೆನಪಿಟ್ಟುಕೊಳ್ಳಬೇಕು.

ಬುಧವಾರ ಆಕೆ ಮತ್ತೆ ಕೇಳಿದಳು, ಆ ಸಾಲು ತೆಗೀರಿ ಅಂತ. ಗುರುವಾರ ಕೇಳಿದಳು. ಶುಕ್ರವಾರ ಆತ, "ನಿಂದೊಂದು ಗೋಳು. ತಿದ್ದೋಕೆ ಹೇಳಿದ್ದು ಕಾಗುಣಿತ, ಚರಿತ್ರೆ ಅಲ್ಲ," ಎಂದು ರೇಗಿದ. ಶನಿವಾರ ಆಕೆ ಕೇಳಲಿಲ್ಲ. ಕೆಂಪು ಪೆನ್ನು ತೆಗೆದುಕೊಂಡು ಮೇಜಿನ ಮುಂದೆ ಕೂತಳು.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಕ್ಲಬ್ಬಿನ ಹಾಲ್ ತುಂಬಿತ್ತು. ಬಿಳಿ ತಲೆಗಳು, ಬೋಳು ತಲೆಗಳು, ಊರುಗೋಲುಗಳು. ಹೊರಗೆ ನೆರಳಿನಲ್ಲಿ ನಾಲ್ಕೈದು ಹಳೆಯ ಕಾರುಗಳನ್ನು ಮದುಮಕ್ಕಳ ಹಾಗೆ ಒರೆಸಿ ನಿಲ್ಲಿಸಿದ್ದರು. ಗೋಡೆಯ ಮೇಲೆ ಕಪ್ಪುಬಿಳುಪು ಫೋಟೋಗಳು. ಒಂದರಲ್ಲೂ ಎಣಿಸುವ ಶೆಡ್ಡು ಇರಲಿಲ್ಲ. ಆರು ಆರು ಗಂಟೆ ಕತ್ತು ಹೊರಳಿಸಿ ಕೂತ ಅಷ್ಟೊಂದು ಹೆಂಗಸರ ಕಡೆಗೆ ಒಬ್ಬನೂ ಒಮ್ಮೆಯೂ ಕ್ಯಾಮೆರಾ ತಿರುಗಿಸಿರಲಿಲ್ಲ. ಟೀಚರ್ ಸಿಟ್ಟಿಗೆ ಅದೂ ಸೇರಿತು.

ಮೈದುನ ಈಗ ಕ್ಲಬ್ಬಿನ ಅಧ್ಯಕ್ಷ. ಹೊಟ್ಟೆಯ ಮೇಲೆ ಬ್ಯಾಡ್ಜು ಕುಣಿಸುತ್ತ ಎಲ್ಲರನ್ನೂ ಕೂರಿಸಿದ. ಹಿಂದಿನ ಸಾಲಿನ ಕೊನೆಯ ಕುರ್ಚಿಯಲ್ಲಿ ಎಕ್ಸ್‌ಟ್ರಾ ಕೂತಿದ್ದ. ಇಸ್ತ್ರಿ ಮಾಡಿದ ಶರ್ಟು, ಅದರ ಕೈಯಲ್ಲಿ ಬ್ಯಾಟರಿ ಆಸಿಡ್ ಸುಟ್ಟ ಸಣ್ಣ ಸಣ್ಣ ತೂತು. ಪಕ್ಕದ ಕುರ್ಚಿ ಖಾಲಿ, ಹೆಂಡತಿ ಬಂದಿರಲಿಲ್ಲ.

ಗಂಡ ಮೈಕಿನ ಮುಂದೆ ಕಥೆಯನ್ನು ಚೆನ್ನಾಗಿಯೇ ಹೇಳಿದ. ಮೂವತ್ತೆಂಟು ವರ್ಷ ಹೇಳಿ ಪಳಗಿದವನು, ಹೇಳಬೇಕಾದದ್ದೇ. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ, ಎಲ್ಲಿ ಹೆಂಡತಿಯ ಕಡೆ ಕೈ ತೋರಿಸಬೇಕೋ ಅಲ್ಲಿ ತೋರಿಸಿದ. ಹಾಲ್ ನಕ್ಕಿತು. ಕೊನೆಗೆ ಬರಹದಲ್ಲಿ ಇಲ್ಲದ್ದೊಂದನ್ನು ಸೇರಿಸಿದ.

"ಎಲ್ಲಪ್ಪಾ ನಮ್ಮ ಎಕ್ಸ್‌ಟ್ರಾ? ಬಾ, ಸ್ಟೇಜಿಗೆ ಬಾ! ಇವತ್ತು ಆ ಸುತ್ತನ್ನ ನಿನಗೆ ಗಿಫ್ಟ್ ಕೊಟ್ಟುಬಿಡ್ತೀವಿ!"

ಹಾಲ್ ಚಪ್ಪಾಳೆ ತಟ್ಟಿತು. ಎಕ್ಸ್‌ಟ್ರಾ ಏಳಲಿಲ್ಲ. ಕೈಯಲ್ಲಿದ್ದ ಆಮಂತ್ರಣದ ಕಾರ್ಡನ್ನು ಮಡಿಸಿ, ಇನ್ನೊಮ್ಮೆ ಮಡಿಸಿ ಜೇಬಿಗಿಟ್ಟ. ಎದ್ದದ್ದು ಟೀಚರ್.

"ಆ ಸುತ್ತು ಅವರದ್ದೇ," ಎಂದಳು. ತರಗತಿಯ ಕೊನೆಯ ಬೆಂಚಿಗೆ ಕೇಳಿಸುವ ದನಿ, ಮೈಕು ಬೇಕಾಗಲಿಲ್ಲ. "ಗಿಫ್ಟ್ ಕೊಡೋಕೆ ಇವರದ್ದಲ್ಲ. ಎಂಜಿನ್ನು ಗೆರೆಗೆ ಆರು ಹೆಜ್ಜೆ ಇರುವಾಗಲೇ ಹತ್ಕೊಂಡಿತ್ತು. ನಾನು ಎದ್ದು ನಿಂತು ಕಣ್ಣಾರೆ ನೋಡಿದೆ. ನನ್ನ ಲೆಕ್ಕ ತಪ್ಪಿರಲಿಲ್ಲ. ಸುಳ್ಳು ಹೇಳಿದ್ದು ನಾನು, ಹೇಳಿಸಿದ್ದು ಈ ಅಣ್ಣ ತಮ್ಮ ಇಬ್ಬರು."

ಗಂಡ ಮೈಕಿಗೆ ಬಾಗಿ, ಪ್ರೀತಿ ತುಂಬಿದ ದನಿಯಲ್ಲಿ ಹೇಳಿದ, "ವಯಸ್ಸಾಯ್ತು ನೋಡಿ. ಮೊನ್ನೆ ಕನ್ನಡಕ ತಗೊಂಡು ಹೋಗಿ ಫ್ರಿಜ್ಜಿನಲ್ಲಿ ಇಟ್ಟಿದ್ದಳು."

ಜನ ಮತ್ತೆ ನಕ್ಕರು, ಅಯ್ಯೋ ಪಾಪ ಅನ್ನುವ ನಗು. ಫ್ರಿಜ್ಜಿನಲ್ಲಿ ಕನ್ನಡಕ ಇಟ್ಟವನು ಆತ! ಹುಡುಕಿಕೊಟ್ಟವಳು ಆಕೆ! ಟೀಚರ್ ನೆತ್ತಿಗೆ ರಕ್ತ ನುಗ್ಗಿತು. ಗೋಡೆಯ ಮೇಲಿನ ಫೋಟೋಗಳನ್ನೆಲ್ಲ ಕಿತ್ತು ಆತನ ತಲೆಯ ಮೇಲೆ ಹಾಕಬೇಕು ಅನ್ನಿಸಿತು. ಮೈದುನ ಎರಡೂ ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದ.

"ಅತ್ತಿಗೆ, ಕೂತ್ಕೊಳ್ಳಿ. ಆವತ್ತು ತಪ್ಪು ಅಂದ್ರಿ, ಇವತ್ತು ಸರಿ ಅಂತೀರಿ. ನಿಮ್ಮ ಯಾವ ಲೆಕ್ಕ ನಂಬೋಣ ಹೇಳಿ?"

"ಆವತ್ತು ಹೇಳಿದ್ದರಿಂದ ನಮ್ಮ ಮನೆಗೆ ಕಪ್ಪು ಬಂತು. ಇವತ್ತು ಹೇಳೋದ್ರಿಂದ ನನಗೇನು ಬರುತ್ತೆ? ಅದನ್ನ ಕೂತು ಲೆಕ್ಕ ಹಾಕಿ. ಯಾವುದು ನಿಜ ಅಂತ ಗೊತ್ತಾಗುತ್ತೆ."

ಈ ಸಲ ಯಾರೂ ನಗಲಿಲ್ಲ. ಆಕೆ ಚೀಲದಿಂದ ಆ ನಾಲ್ಕು ಹಾಳೆ ತೆಗೆದು ಹೋಗಿ ಮೈದುನನ ಕೈಯಲ್ಲಿಟ್ಟಳು. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಕೆಂಪಿನಲ್ಲಿ ಹೊಡೆದುಹಾಕಿತ್ತು. ಕೆಳಗೆ ಆಕೆಯ ಕೈಬರಹದಲ್ಲಿ ಮೂರೇ ಸಾಲು: ಎಪ್ಪತ್ತೊಂದನೆಯ ಸುತ್ತು ಸರಿಯಾಗಿತ್ತು; ಗೆದ್ದದ್ದು ಬ್ಯಾಟರಿ ಅಂಗಡಿಯವರು; ನಾನು ಸುಳ್ಳು ಸಹಿ ಹಾಕಿದೆ. ಅದರ ಕೆಳಗೆ ಸಹಿ.

"ಅಚ್ಚು ಹಾಕೋದಾದ್ರೆ ಇದನ್ನ ಹಾಕಿ. ಹಾಕಲ್ಲ ಅಂದ್ರೆ ಯಾವುದನ್ನೂ ಹಾಕ್ಬೇಡಿ. ಬೇರೆ ಹಾಕಿದ್ರೋ, ಒಬ್ಬೊಬ್ಬರ ಮನೆ ಬಾಗಿಲಿಗೂ ಬಂದು ಇದನ್ನೇ ಓದಿ ಹೇಳ್ತೀನಿ. ನನಗೆ ಬೇರೆ ಕೆಲಸ ಇಲ್ಲ, ರಿಟೈರ್ಡು."

ಮೈದುನ ಅಣ್ಣನ ಮುಖ ನೋಡಿದ, ಹಾಳೆ ನೋಡಿದ. ಮುಂದಿನ ಸಾಲಿನಲ್ಲಿದ್ದ ಹಳೇ ಡ್ರೈವರೊಬ್ಬ, "ಕೊಡಯ್ಯಾ ಇಲ್ಲಿ, ಓದೋಣ," ಎಂದು ಅವನ ಕೈಯಿಂದ ಎಳೆದುಕೊಂಡ. ಹಾಳೆ ಪಕ್ಕದವನಿಗೆ ಹೋಯಿತು, ಅಲ್ಲಿಂದ ಮುಂದಿನವನಿಗೆ. ಇನ್ನು ಅದನ್ನು ಮುಚ್ಚಿಡುವುದು ಯಾರ ಕೈಯಲ್ಲೂ ಇರಲಿಲ್ಲ.

ಬಾಗಿಲಲ್ಲಿ ಗಂಡ ಅಡ್ಡ ಬಂದ. ಮುಖ ಕಪ್ಪಿಟ್ಟಿತ್ತು. "ಅಷ್ಟು ಜನರೆದುರು ನನ್ನ ಮಾನ ಕಳೆದೆಯಲ್ಲೇ."

"ನಿಮ್ಮದು ಇವತ್ತು ಹೋಯ್ತು. ಅವರದ್ದು ಹೋಗಿ ಮೂವತ್ತೆಂಟು ವರ್ಷ ಆಯ್ತು. ಜರಗಿ."

ಹೊರಗೆ ಎಕ್ಸ್‌ಟ್ರಾ ತನ್ನ ವ್ಯಾನಿನ ಬೀಗ ತೆಗೆಯುತ್ತಿದ್ದ. ಟೀಚರ್ ಹತ್ತಿರ ಹೋಗಿ ನಿಂತಳು. ಥ್ಯಾಂಕ್ಸ್ ಹೇಳುತ್ತಾನೆ ಎಂದು ಒಳಗೆ ಎಲ್ಲೋ ಒಂದು ಮೂಲೆಯಲ್ಲಿ ಆಕೆ ಕಾಯುತ್ತಿದ್ದಳು. ಸುಳ್ಳು ಯಾಕೆ, ಕಾಯುತ್ತಿದ್ದಳು. ಅವನು ಹೇಳಲಿಲ್ಲ.

"ಆ ಜನಕ್ಕೆಲ್ಲ ಹೇಳಿ ನನಗೇನು ಆಗ್ಬೇಕಾಗಿತ್ತು ಟೀಚರ್?" ಎಂದ. "ನನಗೆ ಗೊತ್ತಿರೋದೇ ಅಲ್ವಾ? ಸೀಟಿನಲ್ಲಿ ಕೂತಿದ್ದೋನು ನಾನು. ಎಂಜಿನ್ನು ಹತ್ಕೊಂಡಿದ್ದು ನನ್ನ ಕಾಲ ಕೆಳಗೆ. ಅವರು ಕಳ್ಳ ಅಂದ್ರೂ ಒಂದೇ, ಸಾಚಾ ಅಂದ್ರೂ ಒಂದೇ. ಗೊತ್ತಾಗ್ಬೇಕಾಗಿರೋದು ಒಬ್ಬಳಿಗೆ. ಅವಳು ಇಲ್ಲಿಗೆ ಬರಲ್ಲ."

ಆಮೇಲೆ, ವ್ಯಾನಿನ ಬಾಗಿಲು ಹಿಡಿದುಕೊಂಡೇ, ನಡೆದದ್ದನ್ನು ಹೇಳಿದ. ರೇಸಿನ ಆ ಬೆಳಿಗ್ಗೆ ಚೀಟಿ ಎತ್ತಿದ ಮೇಲೆ ಅವನೂ ತನ್ನ ಹೆಂಡತಿಯನ್ನು ಪಕ್ಕಕ್ಕೆ ಕರೆದಿದ್ದ. ಟೀಚರ್ ಗಂಡನ ಕಾರಿನದು ಒಂದು ಸುತ್ತು ಮರೆತುಬಿಡು, ಯಾರಿಗೂ ಗೊತ್ತಾಗಲ್ಲ ಅಂದಿದ್ದ. ಅವಳು ಛೀ ಎಂದು ಉಗಿದು, ಹೋಗಿ ಕುರ್ಚಿಯಲ್ಲಿ ಕೂತು, ಆರು ಗಂಟೆ ಒಂದೂ ಬಿಡದೆ ಎಣಿಸಿದ್ದಳು. "ಸಂಜೆ ನೀವು ತಳ್ತಿದ್ರು ಅಂದ್ರಲ್ಲ, ಅವಳು ನಿಮ್ಮನ್ನ ನಂಬಿದ್ಲು. ಬೆಳಿಗ್ಗೆ ಮೋಸ ಮಾಡು ಅಂದೋನು ಸಂಜೆ ಕೆಲಸದವರ ಬಾಯಲ್ಲಿ ಸುಳ್ಳು ಹೇಳಿಸ್ತಿದ್ದಾನೆ ಅಂತ ತೀರ್ಮಾನ ಮಾಡಿದ್ಲು. ಆಣೆ ಹಾಕಿದೆ, ಕಣ್ಣೀರು ಹಾಕಿದೆ. ಬಿಟ್ಟು ಹೋಗ್ಲಿಲ್ಲ ಅವಳು. ಹೊತ್ತಿಗೆ ಊಟ ಹಾಕ್ತಾಳೆ, ಜ್ವರ ಬಂದ್ರೆ ಪಕ್ಕದಲ್ಲಿ ಕೂರ್ತಾಳೆ. ನಾನು ಆಡಿದ ಒಂದು ಮಾತನ್ನೂ ನಂಬಲ್ಲ. ಹಾಲು ತಂದಿಟ್ಟಿದ್ದೀನಿ ಅಂದ್ರೂ ಹೋಗಿ ನೋಡಿ ಬರ್ತಾಳೆ."

ಇಷ್ಟು ವರ್ಷವೂ ಟೀಚರ್ ಒಂದು ಮಾತನ್ನು ಊರುಗೋಲು ಮಾಡಿಕೊಂಡಿದ್ದಳು: ಆ ಜಾಗದಲ್ಲಿ ಯಾವ ಹೆಂಗಸಿದ್ದರೂ ಹಾಗೇ ಮಾಡುತ್ತಿದ್ದಳು. ಪಕ್ಕದ ಕುರ್ಚಿಯ ಹೆಂಗಸು ಮಾಡಿರಲಿಲ್ಲ. ಅದೇ ದಿನ, ಅದೇ ಮಾತಿಗೆ, ಅವಳು ಛೀ ಅಂದಿದ್ದಳು. ಐದು ದಿನದಿಂದ ಗಂಡನ ಮೇಲೆ ಹರಿಯುತ್ತಿದ್ದ ಸಿಟ್ಟು ಈಗ ತಿರುಗಿ ಆಕೆಯ ಮೇಲೇ ಬಂತು. ಅದು ಬರಬೇಕಾದ ಜಾಗವೇ.

"ವ್ಯಾನು ಹತ್ತಲಾ?" ಎಂದು ಕೇಳಿದಳು.

ಬ್ಯಾಟರಿ ಅಂಗಡಿಯ ಶಟರ್ ಎಳೆದಿತ್ತು. ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿದರೆ ಮೇಲೆ ಮನೆ. ಎರಡು ಕೋಣೆ, ಎಲ್ಲವೂ ಆಸ್ಪತ್ರೆಯ ವಾರ್ಡಿನಷ್ಟು ಚೊಕ್ಕ. ನರ್ಸು ಕಿಟಕಿಯ ಪಕ್ಕ ಕೂತು, ಏಳು ಖಾನೆಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಗಂಡನ ವಾರದ ಮಾತ್ರೆಗಳನ್ನು ಹಂಚುತ್ತಿದ್ದಳು. ತಲೆ ಎತ್ತಿದಳು. ಮುಖ ಸುಕ್ಕಾಗಿತ್ತು, ಕಣ್ಣು ಅದೇ.

"ಟೀಚರ್," ಎಂದಳು. ಬನ್ನಿ ಅನ್ನಲಿಲ್ಲ, ಕೂತ್ಕೊಳ್ಳಿ ಅನ್ನಲಿಲ್ಲ.

ಟೀಚರ್ ನಿಂತೇ ಹೇಳಿದಳು. "ಆವತ್ತು ನೀವು ಕೇಳಿದ್ರಿ, ನಿಜವಾಗ್ಲೂ ತಳ್ತಿದ್ರಾ ಅಂತ. ನಾನು ಹೂಂ ಅಂದೆ. ಸುಳ್ಳು ಅದು. ಎಂಜಿನ್ನು ಹತ್ಕೊಂಡಿತ್ತು. ಇವರು ನಿಮಗೆ ಹೇಳಿದ್ದೆಲ್ಲ ನಿಜ."

ನರ್ಸು ಕೈಯಲ್ಲಿದ್ದ ಮಾತ್ರೆಯನ್ನು ಮೇಜಿನ ಮೇಲಿಟ್ಟಳು. "ಗೆರೆ ಎಷ್ಟು ದೂರ ಇತ್ತು?"

"ಆರು ಹೆಜ್ಜೆ."

"ತಳ್ತಿದ್ದ ಹುಡುಗರು?"

"ಕಾರು ಮುಂದೆ ಹೋಗಿಬಿಟ್ಟಿತ್ತು. ಒಬ್ಬ ಮುಗ್ಗರಿಸಿ ಬಿದ್ದ."

"ಮೊಣಕಾಲಿನ ಚರ್ಮ ಕಿತ್ತು ಬಂದಿತ್ತು ಅವನದು," ಎಂದಳು ನರ್ಸು, ತನಗೆ ತಾನೇ ಹೇಳಿಕೊಳ್ಳುವ ಹಾಗೆ. "ನಾನೇ ತೊಳೆದು ಬ್ಯಾಂಡೇಜ್ ಹಾಕಿದ್ದು. ಹೆಂಗೆ ಬಿದ್ಯೋ ಅಂದ್ರೆ, ಕಾರು ಕೈ ಬಿಟ್ಟು ಓಡೋಯ್ತಕ್ಕಾ ಅಂದ. ಹೇಳಿಕೊಟ್ಟ ಮಾತು ಅಂದ್ಕೊಂಡೆ. ಅವನ ಕೆನ್ನೆಗೆ ಹೊಡೆದಿದ್ದೆ."

ಎಕ್ಸ್‌ಟ್ರಾ ಬಾಗಿಲ ಬಳಿಯೇ ನಿಂತಿದ್ದ, ಚಪ್ಪಲಿ ಕೂಡ ಬಿಟ್ಟಿರಲಿಲ್ಲ. ತನ್ನದೇ ಮನೆಯಲ್ಲಿ ಒಳಗೆ ಬರಲೋ ಬೇಡವೋ ಅನ್ನುವವನ ಹಾಗೆ. ನರ್ಸು ಅವನ ಕಡೆ ನೋಡಿದಳು. ನೋಡುತ್ತಲೇ ಇದ್ದಳು. ಮೂವತ್ತೆಂಟು ವರ್ಷ ಅನುಮಾನದಿಂದ ನೋಡಿದ ಮುಖವನ್ನು ಬೇರೆ ಥರ ನೋಡುವುದು ಹೇಗೆ ಎಂದು ಅವಳಿಗೆ ತಕ್ಷಣ ತಿಳಿಯಲಿಲ್ಲ.

"ನನ್ನಿಂದ ತಪ್ಪಾಯ್ತು," ಎಂದಳು ಟೀಚರ್. "ನಿಮ್ಮಿಬ್ಬರಿಗೂ."

ನರ್ಸು ಕುರ್ಚಿಯ ಕೈ ಹಿಡಿದು ನಿಧಾನವಾಗಿ ಎದ್ದು ನಿಂತಳು.

"ನಿಮ್ಮದು ಆಮೇಲೆ ನೋಡೋಣ ಟೀಚರ್. ಈಗ ನೀವು ಹೊರಡಿ. ಮೊದಲು ನಾನು ಇವರಿಗೆ ತಪ್ಪಾಯ್ತು ಅನ್ಬೇಕು. ನಿಮ್ಮೆದುರಿಗೆ ಅನ್ನೋಕೆ ನನ್ನ ಕೈಲಿ ಆಗಲ್ಲ."

ಟೀಚರ್ ಮೆಟ್ಟಿಲಿಳಿದು ಬಂದಳು. ಅವಳ ಹಿಂದೆಯೇ ಬಾಗಿಲು ಮುಚ್ಚಿಕೊಂಡಿತು.